ಭಾನುವಾರದ ಬಾಡಿಗೆ

ನರಸಾಪುರದ ಗೆಸ್ಟ್‌ಹೌಸ್ ಗೇಟಿನಲ್ಲಿ ಏಳಕ್ಕೇ ನಿಂತಿದ್ದರು ಹಿಬಿನೊ,
ತಲೆಗೆ ಟೋಪಿ, ಕೈಯಲ್ಲಿ ನಾಲ್ಕು ಮಡಿಕೆಯ ಕರವಸ್ತ್ರ.
ಹೆಸರು ಕೇಳಿದರು. ಸವರಿಮುತ್ತು, ಸವರಿ ಸಾಕು ಅಂದೆ.
'ಸಬಾರಿ-ಸಾನ್' ಎಂದು ನಡು ಬಗ್ಗಿಸಿದರು.
ಡ್ರೈವರಿಗೆ ಯಾರಪ್ಪ ಬಗ್ಗುತ್ತಾರೆ?
ನಾನೂ ಬಗ್ಗಿದೆ.
ಬಗ್ಗಿದ್ದಕ್ಕೆ ಕಂಡಿತು, ಮುಂದಿನ ಟೈರಲ್ಲಿ ಗಾಳಿ ಕಮ್ಮಿ.

ಮನೆಯಲ್ಲಿ ನಮಗೆ ತಮಿಳು, ಸ್ಟ್ಯಾಂಡಿನಲ್ಲಿ ತೆಲುಗು,
ಟ್ರಿಪ್ ಶೀಟು ತುಂಬುವುದು ಕನ್ನಡದಲ್ಲಿ.
ಇವರಿಗೆ ಮೂರೂ ಬಾರದು. ನಡುವೆ ಫೋನು ಕೂತು
ಮಾತು ಜರಡಿ ಹಿಡಿದು ಕೊಡುತ್ತದೆ:
'ಇಲ್ಲಿ ನೋಡತಕ್ಕದ್ದು ಏನಿದೆ?'
ಕೋಲಾರಮ್ಮನ ಗುಡಿ ಇದೆ,
ಅಂತರಗಂಗೆಯಲ್ಲಿ ಕಲ್ಲುಬಸವನ ಬಾಯಿಂದ ನೀರು ಬರುತ್ತದೆ.
ತಲೆಯಾಡಿಸಿದರು. ಸ್ವಲ್ಪ ತಡೆದು ಫೋನು ಮತ್ತೆ:
'ನಿಮ್ಮ ಸ್ವಂತ ಊರು?'
ಇಂಡಿಕೇಟರ್ ಹಾಕಿದೆ, ಬಂಗಾರಪೇಟೆ ಕಡೆಗೆ.

ದಾರಿಯುದ್ದಕ್ಕೂ ತಮ್ಮ ನಗೋಯಾ ತೋರಿಸಿದರು,
ಬೆರಳಲ್ಲಿ ಒಂದೊಂದೇ ಚಿತ್ರ ಸರಿಸುತ್ತ.
ರೈಲುಗಳದ್ದೇ ಒಂದು ಮ್ಯೂಸಿಯಂ: ಓಡಿ ದಣಿದ ಎಂಜಿನ್ನುಗಳನ್ನು
ತೊಳೆದು ಒರೆಸಿ ನೆರಳಲ್ಲಿ ಸಾಲಾಗಿ ನಿಲ್ಲಿಸಿದ್ದಾರೆ.
ನಮ್ಮ ಮಾರಿಕುಪ್ಪಂ ಪ್ಯಾಸೆಂಜರು ಇನ್ನೂ ಓಡುತ್ತಲೇ ಇದೆ, ಪಾಪ.
ಮಗ್ಗಗಳದ್ದು ಇನ್ನೊಂದು. ಮಗ್ಗ ಮಾಡಿದ ಮನೆತನವೇ
ಮುಂದೆ ಕಾರು ಮಾಡಿತಂತೆ.
ಆಮೇಲೊಂದು ದೇವಸ್ಥಾನ, ಅದರೊಳಗೊಂದು ಕತ್ತಿ,
ಯಾರಿಗೂ ತೋರಿಸುವುದಿಲ್ಲವಂತೆ.
'ನೀವು ನೋಡಿದ್ದೀರಾ?'
'ಇಲ್ಲ.'
'ಮತ್ತೆ ಇದೆ ಅಂತ ಹೇಗೆ ಗೊತ್ತು?'
ಫೋನಿನ ಚಕ್ರ ಸುತ್ತುತ್ತಲೇ ಇತ್ತು. ಅಲ್ಲಿ ಸಿಗ್ನಲ್ ಇರಲಿಲ್ಲ.

ಕೋಟೆ ಬಂತು. ಮಾಡಿನ ಎರಡು ತುದಿಗೆ ಎರಡು ಮೀನು,
ಹುಲಿಯ ತಲೆ, ಬಾಲ ಆಕಾಶಕ್ಕೆ, ಮೈಯೆಲ್ಲ ಚಿನ್ನ.
ಬ್ರೇಕು ತಾನಾಗಿ ಬಿತ್ತು.
ನಿಜವಾದ್ದಾ? ಎಷ್ಟು ತೂಕ?
ತೂಕ ಅವರಿಗೂ ನೆನಪಿಲ್ಲ.
ಬೆಂಕಿ ಬಿದ್ದರೆ ನೀರು ತರಲಿ ಎಂದು ಇಟ್ಟ ಮೀನಂತೆ.
'ತಂತಾ?'
'ಯುದ್ಧದಲ್ಲಿ ಸುಟ್ಟುಹೋಯಿತು, ಮೀನು ಸಮೇತ.
ಈಗಿರುವುದು ಸಿಮೆಂಟಿನ ಕೋಟೆ. ಭೂಕಂಪದ ಭಯಕ್ಕೆ
ಒಳಗೆ ಬಿಡುವುದಿಲ್ಲ.'

ಬಂಗಾರಪೇಟೆಯಲ್ಲಿ ಪಾನಿಪುರಿ ತಿಂದೆವು.
ಬಣ್ಣವೇ ಇಲ್ಲದ ನೀರು ನೋಡಿ ಬರೀ ನೀರೆಂದುಕೊಂಡರು,
ಕಣ್ಣು ಮೂಗು ಎರಡೂ ಸುರಿದವು. ಇನ್ನೊಂದು ಪ್ಲೇಟು ಅಂದರು.

ಚಾಂಪಿಯನ್ ರೀಫ್. ಗೇಟು.
ವಾಚ್‌ಮನ್ ಗುಣಶೀಲನ್ ಕುರ್ಚಿಯಿಂದ ಏಳದೆ:
'ಒಳಗೆ ಬಿಡುವುದಿಲ್ಲ.'
ಫೋನು ಅದನ್ನು ಜಪಾನಿಯಲ್ಲಿ ಹೇಳಿತು.
ಹಿಬಿನೊ ನಕ್ಕರು, ನಾನೂ ನಕ್ಕೆ,
ಗುಣಶೀಲನ್‌ಗೆ ಸಿಟ್ಟು ಬಂತು.

ಹೊರಗಿನಿಂದ ನೋಡಿದೆವು: ತುಕ್ಕು ಹಿಡಿದ ರಾಟೆ,
ಅದರಾಚೆ ಸೈನೈಡ್ ದಿಬ್ಬ, ಬೂದು, ನೆತ್ತಿ ಚಪ್ಪಟೆ.
ಚಿನ್ನ ಸೋಸಿದ ಮೇಲೆ ಉಳಿದ ಕಲ್ಲಿನ ಹಿಟ್ಟು.
ನೆಲಕ್ಕೆ ಬಿದ್ದದ್ದು ಚಿಟಿಕೆ ತೆಗೆಯಲು ಬಗ್ಗಿದರು, ಕೈ ಹಿಡಿದೆ.
ಬೇಸಿಗೆಯಲ್ಲಿ ಇದೇ ಬಂದು ನಮ್ಮ ಅನ್ನದ ಮೇಲೆ ಕೂರುತ್ತದೆ ಸಾರ್.

ಕಾರಿನ ಕನ್ನಡಿಗೆ ಜಪಮಾಲೆಯ ಜೊತೆ ಒಂದು ಹಿತ್ತಾಳೆ ಬಿಲ್ಲೆ,
ನಾನೂರ ಹದಿನೇಳು. ಇದೇನು ಎಂದು ಬೆರಳು ತೋರಿಸಿದರು.
ಇಳಿಯುವಾಗ ಒಯ್ಯುವುದು,
ಹತ್ತಿ ಬಂದು ಕಿಟಕಿಯಲ್ಲಿ ಕೊಡುವುದು.
ವಾಪಸ್ ಬಾರದ ಬಿಲ್ಲೆಯೆಂದರೆ ಬಾರದ ಮನುಷ್ಯ.
ಇಪ್ಪತ್ತಾರು ವರ್ಷ ಅಪ್ಪ ತಪ್ಪದೆ ಕೊಟ್ಟ.
ಕೊನೆಯ ಪಾಳಿ ಮುಗಿಸಿ ಬಂದರೆ
ಕಿಟಕಿಯಲ್ಲಿ ಯಾರೂ ಇರಲಿಲ್ಲ.
ಹಾಗಾಗಿ ಲೆಕ್ಕದ ಪ್ರಕಾರ ಅವನಿನ್ನೂ ಕೆಳಗಿದ್ದಾನೆ,
ಲೆಕ್ಕದ ಹೊರಗೆ ಆಂಡರ್‌ಸನ್‌ಪೇಟೆಯಲ್ಲಿ ಕೇರಂ ಆಡುತ್ತಿದ್ದಾನೆ,
ಸೋತರೆ ಜಗಳ.

ಇಷ್ಟನ್ನೂ ಫೋನು ಹೇಗೆ ದಾಟಿಸಿತೋ.
ಕರವಸ್ತ್ರ ಬಿಡಿಸಿ ಅಂಗೈ ಮೇಲೆ ಹಾಸಿದರು,
ಅದರ ಮೇಲೆ ಬಿಲ್ಲೆ ಇಡಿಸಿಕೊಂಡರು,
ಓದಿದರು. ತಿರುಗಿಸಿ ಖಾಲಿ ಬದಿಯನ್ನೂ ಓದಿದರು.
ಎರಡು ಕೈಯಲ್ಲಿ ವಾಪಸ್ ಕೊಟ್ಟರು.
ಫೋಟೋ ತೆಗೆಯಲಿಲ್ಲ.

ಸಂಜೆ ಟ್ರಿಪ್ ಶೀಟು.
ಕಿಲೋಮೀಟರು ನೂರ ಹದಿನೆಂಟು, ವೇಟಿಂಗ್ ಎರಡು ಗಂಟೆ.
'ನೋಡಿದ ಸ್ಥಳ' ಎಂಬ ಕಾಲಮ್ಮಿನಲ್ಲಿ
ಏನು ಬರೆಯುವುದೆಂದು ತಿಳಿಯದೆ
ಗೇಟು ಎಂದು ಬರೆದೆ.
ಅವರು ಕೆಳಗೆ ರುಜು ಹಾಕಿದರು, ಮೂರು ಗೀರು, ಒಂದು ಚುಕ್ಕೆ.

ಟೈರಿಗೆ ಗಾಳಿ ಹಾಕಿಸುವುದು ಮರೆತೇಹೋಗಿತ್ತು.